ಒಲೆಗೆ ಗಂಡು ಹೆಣ್ಣೆಂಬ ಭೇದವಿದೆಯೇ?



ಮುಂಬಯಿಯಲ್ಲಿ ನಮ್ಮವರ ಯಾವ ಹೋಟೆಲಿನ ಅಡಿಗೆಮನೆಗಾದರೂ ಹೋಗಿ ನೋಡಿ. ಅಕ್ಕಿ ಉದ್ದು ನೆನೆಹಾಕುವವನು ಗಂಡಸು, ದೋಸೆ ಹುಯ್ಯುವವನು ಗಂಡಸು, ಎಂಜಲು ತಟ್ಟೆ ತೊಳೆಯುವವನೂ ಗಂಡಸು. ಇದರಿಂದ ಯಾರ ಮೀಸೆಯೂ ಉದುರಿಲ್ಲ. ಅದೇ ಮನುಷ್ಯ ರಜೆಯ ಮೇಲೆ ಊರಿಗೆ ಹೋದನೆನ್ನಿ, ಉಂಡ ತಟ್ಟೆಯನ್ನು ಅಲ್ಲಿಯೇ ಬಿಟ್ಟು ಏಳುತ್ತಾನೆ. ಎತ್ತಲು ಹೋದರೆ ತಾಯಿಯೇ ತಡೆಯುತ್ತಾಳೆ: "ಬಿಡು ಮಗಾ, ಅದು ಹೆಂಗಸರ ಕೆಲಸ." ಹಾಗಾದರೆ ವರ್ಷವಿಡೀ ಇಲ್ಲಿ ಮಾಡಿದ್ದು ಯಾರ ಕೆಲಸ?

ಸಂಬಳ ಬಂದರೆ ಗಂಡಸಿನ ಕಸುಬು, ಬಾರದಿದ್ದರೆ ಹೆಂಗಸಿನ ಧರ್ಮ ಎಂದು ಸಮಾಜ ಲೆಕ್ಕ ಹಾಕಿಟ್ಟಿದೆ. ಇದು ಬ್ರಹ್ಮ ಬರೆದದ್ದಲ್ಲ. ಏಳು ವರ್ಷದ ಹುಡುಗಿಯ ಕೈಗೆ ಹಿಡಿಸೂಡಿ ಕೊಟ್ಟು, ಅವಳ ಅಣ್ಣನನ್ನು ಆಡಲು ಕಳಿಸುವ ನಾವೇ ಬರೆದದ್ದು.

ಸರಕಾರವೇ 2019ರಲ್ಲಿ ದೇಶದ ಜನ ದಿನದ ವೇಳೆಯನ್ನು ಹೇಗೆ ಕಳೆಯುತ್ತಾರೆಂದು ಲೆಕ್ಕ ತೆಗೆಯಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕುವ ಹೆಂಗಸರು ನೂರಕ್ಕೆ 81, ಗಂಡಸರು 26. ಕೈಹಾಕಿದವರಲ್ಲೂ ಹೆಂಗಸು ದಿನಕ್ಕೆ 299 ನಿಮಿಷ ದುಡಿದರೆ ಗಂಡಸು 97 ನಿಮಿಷ. ಐದು ಗಂಟೆಗೆ ಒಂದೇ ನಿಮಿಷ ಕಮ್ಮಿ! ವಾರದ ರಜೆಯಿಲ್ಲ, ಓವರ್‌ಟೈಮ್ ಇಲ್ಲ, ಬೋನಸ್ ಇಲ್ಲ. ಇಂಥ ಷರತ್ತಿನ ಮೇಲೆ ಮಾಲೀಕನು ನಮ್ಮನ್ನು ದುಡಿಸಿಕೊಂಡರೆ ಬಾವುಟ ಹಿಡಿದು ಬಾಗಿಲಲ್ಲಿ ನಿಲ್ಲುವುದಿಲ್ಲವೇ?

ಗಿರಣಗಾಂವವನ್ನು ಬಲ್ಲವರಿಗೆ ಖಾನಾವಳಿ ನಡೆಸುತ್ತಿದ್ದ ಹೆಂಗಸರ ನೆನಪಿದ್ದೀತು. ಹೆಂಡಿರು ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಗಿರಣಿ ಕಾಮಗಾರರಿಗೆ ಚಾಳಿನ ಕೋಣೆಯಲ್ಲಿ ಬೇಯಿಸಿ ಹಾಕಿದವರು ಅವರು. ದಿನಸಿಗೆ ಬಡ್ಡಿ ಸಾಲ, ಹಗಲು ರಾತ್ರಿ ಒಲೆಯ ಹೊಗೆ. ಹೆಂಗಸು ಅಡಿಗೆ ಮಾಡುತ್ತಾಳೆ, ಅದರಲ್ಲೇನು ಎಂದಿತು ಲೋಕ. 1975ರಲ್ಲಿ ಪ್ರೇಮಾ ಪುರವ್ ಅವರು ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದ ಮೇಲೆ ಬ್ಯಾಂಕುಗಳು ಇವರಿಗೂ ಸಾಲ ಕೊಟ್ಟವು. ಬೇಯಿಸುತ್ತಿದ್ದ ಅನ್ನ ಮೊದಲಿನದೇ, ಸಂಘವಿರಲಿಲ್ಲ, ಅಷ್ಟೆ.

ಇದು ಹೆಂಗಸರ ಪ್ರಶ್ನೆ, ಕಾರ್ಮಿಕರದಲ್ಲ ಎನ್ನುವ ಮುಖಂಡರು ನಮ್ಮಲ್ಲೂ ಇದ್ದಾರೆ. ಅವರನ್ನು ಕೇಳುತ್ತೇನೆ: ನಮ್ಮ ಬಟ್ಟೆ ಒಗೆದು, ಬುತ್ತಿ ಕಟ್ಟಿ, ನಾಳಿನ ಕೂಲಿಗಾರನನ್ನು ಹೆತ್ತು ಸಾಕುವವಳಿಗೆಂದು ಮಾಲೀಕ ಚಿಕ್ಕಾಸನ್ನಾದರೂ ಎಣಿಸುತ್ತಾನೆಯೇ? ಅವಳು ಬಿಟ್ಟಿ ದುಡಿಯುವುದರಿಂದಲೇ ಅವನಿಗೆ ನಾವು ಇಷ್ಟು ಅಗ್ಗಕ್ಕೆ ಸಿಕ್ಕಿದ್ದೇವೆ.

ಸಂಘದ ಮುಂದಿನ ಸಭೆಗೆ ಮನೆಯ ಹೆಂಗಸರನ್ನೂ ಕರೆತನ್ನಿ. ಅವರು ಮುಂದಿನ ಸಾಲಿನಲ್ಲಿ ಕೂತು ಮಾತಾಡಲಿ. ಚಹಾ ನಾವು ಮಾಡೋಣ, ಲೋಟ ತೊಳೆಯುವುದೂ ನಮ್ಮದೇ ಇರಲಿ. ಕೈ ಪಳಗಿದ ಕಸುಬು ತಾನೆ!