ದೀಪಾವಳಿಯಂದು ದೀಪ ಆರಿಸಿದವರು

2024ರ ಅಕ್ಟೋಬರ್ 31ರಂದು ನಾನು ನ್ಯೂಜೆರ್ಸಿಯಲ್ಲಿ ಮಗನ ಮನೆಯಲ್ಲಿದ್ದೆ. ಅಂದು ನಮಗೆ ನರಕ ಚತುರ್ದಶಿ, ಆ ಊರಿಗೆ ಹ್ಯಾಲೋವೀನ್. ಬೆಳಿಗ್ಗೆ ಎಣ್ಣೆಸ್ನಾನವೇನೋ ಸಾಂಗವಾಗಿ ನಡೆಯಿತು. ಸಂಜೆ, ನೆರೆಹೊರೆಯ ಮಕ್ಕಳು ವೇಷ ತೊಟ್ಟು ಮಿಠಾಯಿ ಕೇಳಲು ಹೊರಡುವ ಹೊತ್ತಿಗೆ, ಮಗ ಹೆಬ್ಬಾಗಿಲ ಹೊರಗಣ ದೀಪವನ್ನು ಆರಿಸಿಬಿಟ್ಟ. ದೀಪವಿಲ್ಲದ ಮನೆಯ ಕದ ತಟ್ಟಬಾರದೆಂಬುದು ಅಲ್ಲಿಯ ರೂಢಿ. ದೀಪಾವಳಿಯ ದಿನ ದೀಪ ಆರಿಸಿ ಕುಳಿತ ಸಂಸಾರವನ್ನು ನಾನು ಕಂಡದ್ದು ಅದೇ ಮೊದಲು!

ಐದು ವರ್ಷದ ಮೊಮ್ಮಗಳು ಕಿಟಕಿಯ ಪರದೆ ಸರಿಸಿ, ತನ್ನ ತರಗತಿಯ ಗೆಳತಿಯರು ಸಾಲಾಗಿ ನಮ್ಮ ಮನೆಯನ್ನು ದಾಟಿ ಹೋಗುವುದನ್ನು ನೋಡುತ್ತ ನಿಂತಿದ್ದಳು.

“ದೆವ್ವದ ಹಬ್ಬ ನಮಗೇಕಪ್ಪ? ಮಗುವಿಗೆ ಮನೆಮನೆ ಬೇಡುವುದನ್ನು ಕಲಿಸಬೇಕೆ?” ಎಂದ ಮಗ. ಈ ಮಾತನ್ನು ಅಲ್ಲಿಯ ಬೇರೆ ಕನ್ನಡ ಗೃಹಸ್ಥರ ಬಾಯಲ್ಲೂ ಕೇಳಿದ್ದೇನೆ. ಸ್ವಾಮಿ, ಹೋಳಿ ಹುಣ್ಣಿಮೆಗೆ ಮುಂಚೆ ಮನೆಮನೆಗೆ ಹೋಗಿ ಸೌದೆ, ಬೆರಣಿ ಕೇಳಿ, ಕೊಡದವರ ಹಿತ್ತಿಲಿನಿಂದ ರಾತ್ರೋರಾತ್ರಿ ಕದ್ದು ಕಾಮಣ್ಣನನ್ನು ಸುಟ್ಟವರು ಯಾರು? ನಾನೂ ಕದ್ದಿದ್ದೇನೆ. ನಮ್ಮ ತಂದೆ ಬೈದರೇ ಹೊರತು ಸಂಸ್ಕೃತಿ ಮುಳುಗಿತೆನ್ನಲಿಲ್ಲ. ಇನ್ನು ದೆವ್ವದ ಮಾತು. 1990ರ ದಶಕದಲ್ಲಿ ಬೆಂಗಳೂರಿನ ಕದಗಳ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವಕ್ಕೆ ವಾಯಿದೆ ಹೇಳಿದ ಜನ ನಾವು!

ಹ್ಯಾಲೋವೀನಿನ ಬೇರು ಐರ್ಲೆಂಡಿನಲ್ಲಿದೆ. ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ರಾತ್ರಿ ಸತ್ತವರು ತಿರುಗಾಡುತ್ತಾರೆಂದು ಅಲ್ಲಿಯ ಹಳಬರು ನಂಬಿದ್ದರು. ಮಹಾಲಯದಲ್ಲಿ ಪಿತೃಗಳಿಗೆ ಎಡೆಯಿಡುವ ನಮಗೆ ಇದು ಅರ್ಥವಾಗದ್ದೇನಲ್ಲ. 19ನೆಯ ಶತಮಾನದಲ್ಲಿ, ಆಲೂಗಡ್ಡೆಯ ಬೆಳೆ ಕೆಟ್ಟು ಹೊಟ್ಟೆಗಿಲ್ಲದೆ ಹಡಗು ಹತ್ತಿದ ಐರಿಷ್ ಬಡವರು ಅದನ್ನು ಅಮೆರಿಕಕ್ಕೆ ತಂದರು. ತಾಯ್ನಾಡಿನಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪವಿಡುತ್ತಿದ್ದವರಿಗೆ ಇಲ್ಲಿ ಕುಂಬಳಕಾಯಿ ಸಿಕ್ಕಿತು. ವಲಸೆ ಬಂದವರು ತಂದ ಹಬ್ಬ ವಲಸೆ ಬಂದ ನಮಗೆ ಮೈಲಿಗೆಯೆ?

ಸೊಸೆಯ ಭಯ ಬೇರೆ: ಮಿಠಾಯಿಯಲ್ಲಿ ಯಾರಾದರೂ ವಿಷವಿಟ್ಟರೆ? 1974ರಲ್ಲಿ ಟೆಕ್ಸಾಸಿನಲ್ಲಿ ಒಬ್ಬ ಬಾಲಕ ಹಾಗೆ ಸತ್ತದ್ದುಂಟು. ಆದರೆ ವಿಷವಿಟ್ಟವನು ನೆರೆಯವನಲ್ಲ, ವಿಮೆಯ ಹಣಕ್ಕೆ ಆಸೆಪಟ್ಟ ಹೆತ್ತ ತಂದೆ. ಹೆದರಬೇಕಾದದ್ದು ಕತ್ತಲಲ್ಲಿ ಓಡುವ ಮೋಟಾರಿಗೆ. ಅದಕ್ಕೆ ಕೈಹಿಡಿದು ನಡೆಸಲು ತಾತನಿರಲಿಲ್ಲವೆ?

ರಕ್ತ ಸುರಿಯುವ ಮುಖವಾಡಗಳನ್ನೂ, ಅಂಗಳದಲ್ಲಿ ಪ್ಲಾಸ್ಟಿಕ್ಕಿನ ಹೆಣ ನೇತುಹಾಕುವ ಅಭಿರುಚಿಯನ್ನೂ ನಾನು ಸಮರ್ಥಿಸಲಾರೆ. ಬೆದರಿ ಅಳುವ ಮಗುವನ್ನು ಎಳೆದೊಯ್ಯುವ ತಂದೆತಾಯಿಗಳಿಗೂ ಬುದ್ಧಿಯಿಲ್ಲ. ಆದರೆ ಈ ಮಗು ಹೆದರಿರಲಿಲ್ಲ, ಹೆದರಿದವರು ನಾವು. ವರ್ಷವೆಲ್ಲ ನೆರೆಯವರ ಹೆಸರು ಕೇಳದೆ ಬಾಳುವ ಆ ಬೀದಿಯಲ್ಲಿ, ಎಲ್ಲರೂ ಬಾಗಿಲು ತೆರೆದು ನಿಲ್ಲುವ ಒಂದು ಸಂಜೆಯನ್ನು ಅವಳಿಂದ ಕಿತ್ತುಕೊಂಡು ಅದಕ್ಕೆ ಸಂಸ್ಕೃತಿ ರಕ್ಷಣೆಯೆಂದು ಹೆಸರಿಡುವುದನ್ನು ನಾನು ಒಪ್ಪೆ. ಅಂದು ಅದನ್ನೇ ಹೇಳಿದೆ, ಸ್ವಲ್ಪ ಗಟ್ಟಿಯಾಗಿಯೇ.

ಎಂಟು ಗಂಟೆಗೆ ಮಗ ಎದ್ದು ದೀಪ ಹಾಕಿದ. ಬೀದಿ ಅಷ್ಟರಲ್ಲಿ ಬರಿದಾಗಿತ್ತು. ಮೊಮ್ಮಗಳು ನನ್ನ ಶಾಲು ಹೊದ್ದು ಅಡಿಗೆಮನೆಯ ಬಾಗಿಲು ತಟ್ಟಿದಳು. ಸೊಸೆ ಒಂದು ಕೋಡುಬಳೆ ಕೊಟ್ಟಳು.