ಗೃಹಸ್ಥರ ಗಮನಕ್ಕೆ: ಬಚ್ಚಲುಮನೆಯ ಗ್ಯಾಸ್ ಗೀಸರು

ಹಂಡೆಯ ಕೆಳಗೆ ಸೌದೆಯುರಿಸುತ್ತಿದ್ದ ಕಾಲದಲ್ಲಿ ಹೊಗೆಯು ಕಣ್ಣುರಿಸಿ, ಕಿಟಕಿಯನ್ನು ತೆರೆಯಿರೆಂದು ತಾನೇ ಎಚ್ಚರಿಸುತ್ತಿದ್ದಿತು. ಗ್ಯಾಸ್ ಗೀಸರಿಗೆ ಈ ಸೌಜನ್ಯವಿಲ್ಲ. ಮುಚ್ಚಿದ ಬಚ್ಚಲುಮನೆಯಲ್ಲಿ ಅದು ಉರಿಯುತ್ತಿರಲು ಪ್ರಾಣವಾಯುವು ಕ್ಷಯಿಸಿ, ಇಂಧನವು ಪೂರ್ಣವಾಗಿ ದಹಿಸದೆ, ಕಾರ್ಬನ್ ಮಾನಾಕ್ಸೈಡೆಂಬ ವಿಷಾನಿಲವು ಹುಟ್ಟುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನು ಪ್ರಾಣವಾಯುವಿಗಿಂತ 200 ಪಾಲಿಗೂ ಮಿಗಿಲಾಗಿ ಇದನ್ನು ಅಪ್ಪಿಕೊಳ್ಳುವುದು. ಮೊದಲು ತಲೆನೋವು, ತಲೆಸುತ್ತು, ಬಳಿಕ ಮೂರ್ಛೆ. ಒಳಗಿನಿಂದ ಅಗುಳಿ ಹಾಕಿಕೊಂಡವರು ಕೂಗುವುದಕ್ಕೂ ಶಕ್ತರಾಗಲಾರರು. "ಗ್ಯಾಸು ಸೋರಿದರೆ ವಾಸನೆ ಬಾರದೇ?" ಎನ್ನುವವರುಂಟು. ಆ ದುರ್ಗಂಧವು ಸಿಲಿಂಡರಿನ ಅನಿಲಕ್ಕೆ ಎಚ್ಚರಿಕೆಗಾಗಿ ಬೆರೆಸಿದುದು; ಉರಿದಾಗ ಹುಟ್ಟುವ ವಿಷಕ್ಕೆ ಅದಿಲ್ಲ.

ಆದಕಾರಣ ಕೊಳ್ಳುವಾಗ ಲೀಟರುಗಳ ಲೆಕ್ಕಕ್ಕಿಂತ ಮೊದಲು ಸ್ಥಳವನ್ನು ನಿಶ್ಚಯಿಸತಕ್ಕದ್ದು. ಗೀಸರು ಹೊರಗೆ, ಮಳೆ ತಾಗದ, ಗಾಳಿಯಾಡುವ ಗೋಡೆಯಲ್ಲಿರಲಿ. ಸಿಲಿಂಡರೂ ಹೊರಗೆ ನಿಲ್ಲಲಿ. ಬಿಸಿನೀರು ಮಾತ್ರ ಕೊಳವೆಯಲ್ಲಿ ಒಳಕ್ಕೆ ಬರಲಿ. ಕೊಳವೆಯ ಖರ್ಚು ಉಳಿಯುವುದೆಂದು ಅಂಗಡಿಯವನು ಹೇಳಿದರೆ ಕಿವಿಗೊಡಬೇಡಿರಿ. ಕಾರು ನಿಲ್ಲಿಸುವ ಷೆಡ್ಡೂ ಯೋಗ್ಯವಲ್ಲ. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದುದರಿಂದ ನೆಲದಲ್ಲಿ ಹರಡಿ ಕಿಡಿಗೆ ಕಾದಿರುವುದು.

ಈಗಾಗಲೇ ಒಳಗೆ ಕೂರಿಸಿರುವವರು ಅದನ್ನು ಹೊರಕ್ಕೆ ಸಾಗಿಸುವ ತನಕ ಬಾಗಿಲು ಕಿಟಕಿಗಳನ್ನು ತೆರೆದಿಟ್ಟು ಬಕೀಟನ್ನು ತುಂಬಿ, ಉರಿಯನ್ನು ಆರಿಸಿ, ಗಾಳಿ ಶುದ್ಧವಾದ ಮೇಲೆಯೇ ಸ್ನಾನಕ್ಕೆ ಹೋಗತಕ್ಕದ್ದು. ಮಕ್ಕಳನ್ನು ಒಬ್ಬೊಬ್ಬರನ್ನೇ ಬಿಡಬಾರದು. ಜ್ವಾಲೆಯು ನೀಲಿಯಾಗಿರಬೇಕು, ಹಳದಿಗೆ ತಿರುಗಿ ಮಸಿ ಕಟ್ಟಿದರೆ ಅಂದೇ ನಿಲ್ಲಿಸಿ, ಬಲ್ಲವನಿಂದ ಸರಿಪಡಿಸಿಕೊಳ್ಳಿರಿ. ಅದುವರೆಗೆ ಅಡಿಗೆಯ ಒಲೆಯ ಮೇಲೆ ಕಾಯಿಸಿದ ನೀರೇ ಸಾಕು.