ಕಲ್ಲಿನಂಥ ಮಾತ್ರೆ ಒಳ್ಳೆಯ ಮಾತ್ರೆಯಲ್ಲ

"ಹಕೀಂ ಸಾಬ್, ಈ ಮಾತ್ರೆ ನುಂಗಿದ ಹಾಗೇ ಹೊರಗೆ ಬರ್ತದೆ" ಎಂದು ಮಳವಳ್ಳಿ ಕಡೆಯ ಹಿರಿಯರೊಬ್ಬರು ಡಬ್ಬಿ ಮುಂದಿಟ್ಟರು. ಎಲ್ಲೋ ಮಾಡಿಸಿಕೊಂಡ ಗುಂಡು ಮಾತ್ರೆ, ಎರಡು ವರ್ಷದ ಹಳೆಯದು. ಗುಣ ಕಾಣಲಿಲ್ಲವೆಂದು ಎರಡರ ಬದಲು ನಾಲ್ಕು ನುಂಗುತ್ತಿದ್ದರು. ನಾಳೆ ಸರಿಯಾಗಿ ಕರಗುವ ಮಾತ್ರೆ ಸಿಕ್ಕಿ, ಅದನ್ನೂ ನಾಲ್ಕು ನುಂಗಿದ್ದರೆ?

ಗಟ್ಟಿ ಮಾತ್ರೆಯೇ ಒಳ್ಳೆಯದು ಎಂಬ ನಂಬಿಕೆ ನಮ್ಮ ಮನೆಗಳಲ್ಲಿದೆ, ಮಾತ್ರೆ ಮಾಡುವ ಕೆಲವರಲ್ಲೂ ಇದೆ. ಅದು ತಪ್ಪು. ಮಾತ್ರೆ ಡಬ್ಬಿಯಲ್ಲಿ ಮುರಿಯಬಾರದು, ಹೊಟ್ಟೆಯಲ್ಲಿ ಬಿಡಿಯಾಗಬೇಕು. ಎರಡೂ ಬೇಕು.

ಔಷಧಿ ಪುಡಿಯನ್ನು ಒಂದುಗೂಡಿಸಲು ಅಂಟು ಹಾಕುತ್ತಾರೆ. ಯುನಾನಿಯಲ್ಲಿ ಸಮಗ್ ಅರಬಿ, ಅಂದರೆ ಜಾಲಿ ಜಾತಿಯ ಮರದ ಗೋಂದು. ಕಾರ್ಖಾನೆಗಳಲ್ಲಿ ಪಿಷ್ಟದ ಗಂಜಿ, ಜೆಲಾಟಿನ್ ಕೂಡ. ಅಂಟು ಕಡಿಮೆಯಾದರೆ ಮಾತ್ರೆ ಉದುರುತ್ತದೆ, ಹೆಚ್ಚಾದರೆ ಬೇಗ ಬಿಡಿಯಾಗುವುದಿಲ್ಲ. ಗೋಂದಿನ ಮಾತ್ರೆ ಹಳೆಯದಾದಷ್ಟೂ ಗಟ್ಟಿಯಾಗುತ್ತದೆ. ಮಂಡ್ಯದ ಬೆಲ್ಲ ಬಲ್ಲವರಿಗೆ ಇದು ಹೊಸದಲ್ಲ: ಎಳೆ ಪಾಕದ ಕಡಲೆ ಮಿಠಾಯಿ ಕೈಯಲ್ಲೇ ಉದುರುತ್ತದೆ, ಏರಿದ ಪಾಕದ್ದು ಹಲ್ಲಿಗೆ ಜಗ್ಗುವುದಿಲ್ಲ.

ಯಂತ್ರದ ಅಚ್ಚಿಗೆ ಪುಡಿ ಮೆತ್ತದಂತೆ ಟಾಲ್ಕ್ ಅಥವಾ ಮೆಗ್ನೀಸಿಯಂ ಸ್ಟಿಯರೇಟ್ ಬೆರೆಸುತ್ತಾರೆ. ಸ್ಟಿಯರೇಟ್ ಸಾಮಾನ್ಯವಾಗಿ ನೂರಕ್ಕೆ ಒಂದು ಭಾಗದ ಆಸುಪಾಸು ಸಾಕು. ಅದು ಜಿಡ್ಡಿನ ಗುಣದ್ದು. ಹೆಚ್ಚಾದರೆ, ಅಥವಾ ಹೆಚ್ಚು ಹೊತ್ತು ಕಲಸಿದರೆ, ಕಣಕಣಕ್ಕೂ ಪೊರೆಯಂತೆ ಹತ್ತುತ್ತದೆ. ಆಗ ಕಣಗಳು ಒಂದನ್ನೊಂದು ಹಿಡಿಯುವುದಿಲ್ಲ, ನೀರೂ ಒಳಗಿಳಿಯುವುದಿಲ್ಲ. ಮದ್ದೂರು ವಡೆಯ ಹಿಟ್ಟಿಗೆ ಕಾದ ಎಣ್ಣೆ ಹೆಚ್ಚಾದರೆ ತಟ್ಟುವಾಗಲೇ ಒಡೆಯುತ್ತದಲ್ಲ, ಹಾಗೆ.

ಜೆಲಾಟಿನ್ ಪ್ರಾಣಿಯಿಂದ ಬರುವಂಥದು. ಸ್ಟಿಯರೇಟ್ ಸಸ್ಯದಿಂದಲೂ ಬರಬಹುದು, ಪ್ರಾಣಿಯ ಕೊಬ್ಬಿನಿಂದಲೂ ಬರಬಹುದು. ಹಲಾಲ್ ಬಗ್ಗೆ ಸಂಶಯವಿದ್ದರೆ ಕೇಳಿ ತಿಳಿದುಕೊಳ್ಳಿ. ನೀವಾಗಿಯೇ ಔಷಧಿ ನಿಲ್ಲಿಸಬೇಡಿ.

ಹೊದಿಕೆಯಿಲ್ಲದ ಸಾಮಾನ್ಯ ಮಾತ್ರೆ 37 ಡಿಗ್ರಿ ಬಿಸಿಯ ನೀರಿನಲ್ಲಿ 15 ನಿಮಿಷದೊಳಗೆ ಬಿಡಿಯಾಗಬೇಕೆಂಬುದು ಭಾರತೀಯ ಫಾರ್ಮಾಕೋಪಿಯದ ಅಳತೆ. ಮನೆಯಲ್ಲಿ ಅಂಥ ಯಂತ್ರವಿರುವುದಿಲ್ಲ. ಆದರೂ ಉಗುರುಬೆಚ್ಚನೆ ನೀರಿಗೆ ಒಂದು ಮಾತ್ರೆ ಹಾಕಿ, ಆಗಾಗ ಅಲ್ಲಾಡಿಸಿ. ಅರ್ಧ ಗಂಟೆಯಾದರೂ ಕಲ್ಲಿನಂತಿದ್ದರೆ ವೈದ್ಯರಿಗೆ ತೋರಿಸಿ. ಹೊದಿಕೆಯ ಮಾತ್ರೆಗಳ ಲೆಕ್ಕ ಬೇರೆ. ಸಕ್ಕರೆ ಕಾಯಿಲೆಗೆ ಕೊಡುವ, ನಿಧಾನವಾಗಿ ಕರಗುವ ಕೆಲವು ಮಾತ್ರೆಗಳು ಔಷಧಿಯನ್ನೆಲ್ಲ ಬಿಟ್ಟುಕೊಟ್ಟು, ಸಿಪ್ಪೆ ಮಾತ್ರ ಮಲದಲ್ಲಿ ಬರುವುದುಂಟು. ಗಾಬರಿಯಾಗಬೇಡಿ, ಅವನ್ನು ಪುಡಿ ಮಾಡಿ ನುಂಗಲೂ ಬೇಡಿ.

ರೋಗಿ ನಂಬಿ ನುಂಗುವ ಮಾತ್ರೆ ನಮ್ಮ ಕೈಯಲ್ಲಿರುವ ಅಮಾನತು. ಮಾಡಿಕೊಡುವ ನಾವು ಪ್ರತಿ ಸಲವೂ ನೀರಿನಲ್ಲಿ ಪರೀಕ್ಷಿಸಿಯೇ ಕೊಡಬೇಕು. ನೀವು ಮಾತ್ರೆಯ ಸಂಖ್ಯೆ ಹೆಚ್ಚಿಸುವ ಮೊದಲು, ಅದು ಕರಗುತ್ತದೆಯೇ ಎಂದು ನಮ್ಮನ್ನು ಕೇಳಬೇಕು.